ನೀಲಿ ಬಣ್ಣದ ಕೆಳಗೆ ಅಪ್ಪನ ಗಿಟಾರು

ಈ ಅಧ್ಯಾಯದ ಕೆಲವು ವಿವರಗಳು ತಪ್ಪಿರಬಹುದು. ಹೈಸ್ಕೂಲಿನಿಂದಲೂ ನಾನು ದಿನಚರಿ ಬರೆಯುತ್ತ ಬಂದವಳು. ಆದರೆ ಇಲ್ಲಿ ಹೇಳಹೊರಟ ಕಾಲಕ್ಕೆ ನನಗೆ ಅಕ್ಷರ ಕೂಡಿಸಿ ಓದುವುದಷ್ಟೇ ಬರುತ್ತಿತ್ತು. ನನ್ನ ಹತ್ತಿರ ಇರುವುದು ಕಣ್ಣಿನಲ್ಲಿ ಉಳಿದದ್ದು ಮತ್ತು ದೊಡ್ಡವರು ಹೇಳಿ ಹೇಳಿ ನನ್ನದೇ ಎನ್ನಿಸುವಂತೆ ಮಾಡಿದ್ದು, ಎರಡೇ. ಯಾವುದು ಯಾವುದೆಂದು ಬೇರ್ಪಡಿಸಲು ಎಷ್ಟೋ ಸಲ ಕೂತಿದ್ದೇನೆ, ಆಗಿಲ್ಲ. ಅವ್ವನ ಉಗುರಿನ ಸಂದಿಯಲ್ಲಿ ನೀಲಿ ಬಣ್ಣವಿತ್ತೆಂದು ಮುಂದೆ ಬರೆಯಲಿದ್ದೇನೆ. ಅದನ್ನು ನಾನು ಚಿಕ್ಕವಳಿದ್ದಾಗ ಕಂಡೆನೋ, ಈ ವರ್ಷ ಬೇಕಾಯಿತೆಂದು ಕಂಡೆನೋ, ಆಣೆ ಮಾಡಿ ಹೇಳಲಾರೆ. ಹೇಳಬಲ್ಲವಳು ಅವ್ವ ಒಬ್ಬಳೇ. ಕಳೆದ ಬೇಸಿಗೆಯ ಕಾಯಿಲೆಯ ನಂತರ ಅವಳ ಮಾತು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದೆ. ಹೀಗಾಗಿ ನನಗೆ ಅವಸರ.

ನಮ್ಮ ಮನೆ ಕಲಬುರಗಿಯಲ್ಲಿ, ಸೂಪರ್ ಮಾರ್ಕೆಟಿನ ಹಿಂದಿನ ಒಂದು ಓಣಿಯಲ್ಲಿತ್ತು. ಉದ್ದಕ್ಕೆ ರೈಲು ಡಬ್ಬಿಯ ಹಾಗೆ ಒಂದರ ಹಿಂದೊಂದು ಕೋಣೆ. ಮೊದಲನೆಯದು ಪಡಸಾಲೆ, ಅಲ್ಲಿ ದೊಡ್ಡಪ್ಪನ ಕಿರಾಣಿ ಅಂಗಡಿಯ ಮೂಟೆಗಳು, ತೊಗರಿಬೇಳೆಯ ಧೂಳು. ಆಮೇಲೆ ದೇವರ ಕೋಣೆ, ಅದರಲ್ಲೇ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಮಲಗುತ್ತಿದ್ದಳು. ಅದನ್ನು ದಾಟಿದರೆ ನಡುಮನೆ. ಕೊನೆಗೆ ಅಡುಗೆಮನೆ, ಅವ್ವ. ನೆಲಕ್ಕೆಲ್ಲ ಶಹಾಬಾದಿನ ಫರ್ಸಿಕಲ್ಲು. ಬೇಸಿಗೆಯಲ್ಲಿ ಅದಕ್ಕೆ ನೀರು ಹೊಡೆದು ಬರಿಮೈಯಲ್ಲಿ ಮಲಗಿದ ತಂಪು ಈಗಲೂ ಬೆನ್ನಿಗೆ ನೆನಪಿದೆ. ಅಂಗಡಿ ದೊಡ್ಡಪ್ಪನದು, ಅಪ್ಪ ಹೆಸರಿಗೆ ಅಲ್ಲಿ ಕೂಡುತ್ತಿದ್ದ. ಅವನ ಜೀವ ಇದ್ದದ್ದು ಆರ್ಕೆಸ್ಟ್ರಾದಲ್ಲಿ. ಮದುವೆ, ಗಣಪತಿ, ದಸರೆ ಎಂದು ಊರೂರು ತಿರುಗುವ ತಂಡದಲ್ಲಿ ಅವನು ಗಿಟಾರು ಬಾರಿಸುತ್ತಿದ್ದ. ನಡುಮನೆಯ ಗೂಟಕ್ಕೆ ಅದು ತೂಗುತ್ತಿತ್ತು. ಕೆಂಪು ಬಣ್ಣದ, ಎರಡು ಕೊಂಬಿನ, ಕರೆಂಟಿನ ಗಿಟಾರು. ಅದು ಎಲ್ಲಿಯದೆಂದು ಕೇಳಿದಾಗಲೆಲ್ಲ ಅಪ್ಪ ಬೇರೆ ಬೇರೆ ಹೇಳುತ್ತಿದ್ದ. ಒಮ್ಮೆ ಹೈದರಾಬಾದಿನ ಹೋಟೆಲಿನಲ್ಲಿ ಬಾರಿಸುತ್ತಿದ್ದ ಮುದುಕನೊಬ್ಬ ಕೊಟ್ಟದ್ದು, ಒಮ್ಮೆ ರೈಲಿನಲ್ಲಿ ಗೆಳೆಯನಾದವನದು, ಒಮ್ಮೆ ಬೊಂಬಾಯಿಯ ಹಡಗುಕಟ್ಟೆಯಿಂದ ಬಂದದ್ದು. ಮೂರರಲ್ಲೂ ಕೊಟ್ಟವನು ಅಳುತ್ತ ಕೊಟ್ಟಿದ್ದ ಎನ್ನುವುದು ಮಾತ್ರ ಬದಲಾಗುತ್ತಿರಲಿಲ್ಲ.

ಮನೆಯಲ್ಲಿ ಆಂಪ್ಲಿಫೈಯರ್ ಇರಲಿಲ್ಲ, ಅದು ತಂಡದ ಸೊತ್ತು. ಹೀಗಾಗಿ ಅಪ್ಪ ಅಭ್ಯಾಸ ಮಾಡುವಾಗ ಕೇಳುತ್ತಿದ್ದದ್ದು ಡಬ್ಬಿಯೊಳಗೆ ಜೋಳದ ಕಾಳು ಅಲ್ಲಾಡಿಸಿದಂಥ ಸಣ್ಣ ಸದ್ದು. ಆಯಿ ಅದನ್ನೇ ಅದರ ಪೂರ್ತಿ ದನಿ ಎಂದುಕೊಂಡಿದ್ದಳು.

"ಇಷ್ಟ ಸಣ್ಣ ದನಿಗಿ ಇಷ್ಟ ದೊಡ್ಡ ಹಲಗಿ ಯಾಕ ಬೇಕೋ ಶಂಕರಾ?"

"ಹೊರಗ ಬಂದು ಕೇಳಬೇ ಒಮ್ಮೆ. ಕಿವಿ ಮುಚ್ಕೋತಿ."

"ಮನಿಯಾಗ ಸುಮ್ನಿದ್ದು ಹೊರಗ ಒದರೋದು. ನಿನ್ನಂಗೇ ಅದ ಬಿಡು."

ಅಡುಗೆಮನೆಯಲ್ಲಿ ಅವ್ವ ನಗುತ್ತಿದ್ದಳು. ಆಗ ಅವಳು ನಗುತ್ತಿದ್ದಳು, ಇದನ್ನು ಗಟ್ಟಿಯಾಗಿ ಹೇಳಬಲ್ಲೆ. ಅವಳ ತವರು ಕಮಲಾಪುರ. ಮದುವೆಯಾಗಿ ಬಂದ ಹೊಸದರಲ್ಲಿ ಗೂಟದ ಮೇಲಿನ ಗಿಟಾರು ನೋಡಿ ಅವಳು ಅಪ್ಪನಿಗೆ ಹೇಳಿದ ಮೊದಲ ಮಾತು, "ನಮ್ಮೂರ ಬಾಳಿಹಣ್ಣಿನ ಬಣ್ಣ ಅದರೀ ಇದು" ಎಂಬುದಂತೆ. ಕಮಲಾಪುರದ ಕೆಂಪು ಬಾಳೆ ಕಂಡವರಿಗೆ ಆ ಬಣ್ಣ ಗೊತ್ತು, ಕಪ್ಪಿಗೆ ತಿರುಗುವ ಸ್ವಲ್ಪ ಮೊದಲಿನ ಕೆಂಪು. ಅಪ್ಪ ಈ ಮಾತನ್ನು ತಂಡದವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಮಹಾನವಮಿಯಂದು ನಮ್ಮಲ್ಲಿ ಖಂಡೆ ಪೂಜೆ. ದುಡಿದು ಅನ್ನ ಹಾಕುವ ಸಾಮಾನನ್ನೆಲ್ಲ ತೊಳೆದು ದೇವರ ಕೋಣೆಯಲ್ಲಿ ಇಡಬೇಕು. ಅಂಗಡಿಯ ತಕ್ಕಡಿ, ಕಲ್ಲು, ಸೇರು, ಅಡುಗೆಮನೆಯ ಈಳಿಗೆ, ಅವ್ವನ ಹೊಲಿಗೆ ಯಂತ್ರದ ತಲೆ. ಅವುಗಳ ನಡುವೆ ಗೋಡೆಗೆ ಆನಿಸಿ ಗಿಟಾರು. ಆಯಿ ಎಲ್ಲಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮವಿಟ್ಟು, ಅರಿಶಿನದ ಅಕ್ಷತೆ ಎರಚುತ್ತಿದ್ದಳು. ಪೂಜೆಗಿಟ್ಟ ಸಾಮಾನನ್ನು ಮರುದಿನ ಬೆಳಗಿನ ತನಕ ಅಲ್ಲಾಡಿಸುವ ಹಾಗಿಲ್ಲ. ಅವತ್ತು ಅವಕ್ಕೆ ರಜೆ. ಆಯಿ ಈಳಿಗೆಗೂ ರಜೆ ಕೊಟ್ಟು ಬದನೆಕಾಯಿಯನ್ನು ಕೈಯಲ್ಲೇ ಮುರಿದು ಪಲ್ಯಕ್ಕೆ ಹಾಕುವವಳು. ಅಲ್ಲಿಯವರೆಗೆ ಅಪ್ಪನ ತಂಡಕ್ಕೆ ನವಮಿಯ ಸಂಜೆ ಕಾರ್ಯಕ್ರಮ ಬಂದಿರಲಿಲ್ಲ. ಆ ವರ್ಷ ಬಂತು. ದೊಡ್ಡ ಕಾರ್ಯಕ್ರಮ, ದೊಡ್ಡ ಮೈದಾನ, ಹೊರಗಿನಿಂದ ಬಂದ ಗಾಯಕರು. ಚೆನ್ನಾಗಿ ಬಾರಿಸಿದವರನ್ನು ಅವರು ತಮ್ಮೊಂದಿಗೆ ಕರೆದೊಯ್ಯುತ್ತಾರೆಂದು ಸುದ್ದಿ. ಅಪ್ಪ ಹಿಂದಿನ ದಿನವೇ ಗಿಟಾರನ್ನು ಗೆಳೆಯನ ಮನೆಯಲ್ಲಿ ಇಟ್ಟು ಬರಬಹುದಿತ್ತು. ಯಾಕೆ ಇಡಲಿಲ್ಲ? ಪೂಜೆಗೆ ಅದಿಲ್ಲದಿದ್ದರೆ ಕಾರ್ಯಕ್ರಮ ಚೆನ್ನಾಗಿ ಆಗದೆಂಬ ಭಯ ಅವನಿಗೂ ಇತ್ತು ಎಂದೇ ನನ್ನ ಊಹೆ. ಆಯಿಯ ಮಗನೇ ಅವನು. ಪೂಜೆಯೂ ಬೇಕು, ರಜೆ ಬೇಡ.

ದೀಪ ಹಚ್ಚುವ ಹೊತ್ತಿಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ದೇವರ ಕೋಣೆಯ ಹೊಸ್ತಿಲ ಮೇಲೆ ನಿಂತ.

"ಬೇ, ಅದನ್ನಷ್ಟ ತಗೋತೀನಿ."

"ಮುಂಜಾನಿ ತಗೋ."

"ಮುಂಜಾನಿ ತಗೊಂಡು ಏನ್ ಮಾಡ್ಲಿ? ಅವರು ಈಗ ಕಾಯ್ಲಕತ್ತಾರ."

"ಕೂತ ಪೂಜಿ ಎಬ್ಬಿಸಬ್ಯಾಡ ಶಂಕರಾ. ಮನಿಯಾಗ ಸಣ್ಣ ಕೂಸದ."

ಸಣ್ಣ ಕೂಸು ನನ್ನ ತಮ್ಮ, ಮಲ್ಲು. ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದ. ಅವನಿಗೆ ಅಂದು ಮೈ ಬಿಸಿ ಇತ್ತು. ಅವ್ವ ಅವನನ್ನು ಸೊಂಟಕ್ಕೆ ಹೊತ್ತು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳ ಮುಖ ನೋಡಿದ. ಅವಳು ಏನೋ ಅಂದಳು, ಅಥವಾ ತಲೆ ಅಲ್ಲಾಡಿಸಿದಳು. "ಹೋಗಿ ಬರ್ರಿ" ಎಂದದ್ದು ನನಗೆ ಕೇಳಿಸುತ್ತದೆ, "ಬ್ಯಾಡ್ರೀ" ಎಂದದ್ದೂ ಕೇಳಿಸುತ್ತದೆ. ಎರಡೂ ಅವಳದೇ ದನಿ. ಅಪ್ಪ ಬಗ್ಗಿ ಗಿಟಾರು ಎತ್ತಿದ. ಅದರ ಮೈಮೇಲಿನ ಅಕ್ಷತೆ ಫರ್ಸಿಯ ಮೇಲೆ ಉದುರಿದ ಸದ್ದು ಮಾತ್ರ ಒಂದೇ ಥರ ನೆನಪಿದೆ.

ಮಲ್ಲುವಿಗೆ ಆ ರಾತ್ರಿಯೇ ಸೆಳೆತ ಬಂತು. ದೊಡ್ಡಪ್ಪ ಆಟೋ ತಂದ, ಆಸ್ಪತ್ರೆಗೆ ಒಯ್ದರು. ಮೆದುಳು ಜ್ವರ ಎಂದರು ಡಾಕ್ಟರು. ಬನ್ನಿ ಹಂಚುವ ದಿನ ಓಣಿಯಲ್ಲೆಲ್ಲ ಜನ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು ಬಂಗಾರದಂಗಿರೋಣ ಎನ್ನುತ್ತಿರುವಾಗ ನಮ್ಮ ಮನೆಗೆ ಅವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದರು. ಬಾಗಿಲಿಗೆ ಬಂದಿದ್ದ ಮಕ್ಕಳು ಬನ್ನಿ ಎಲೆಯನ್ನು ಕೈಯಲ್ಲೇ ಹಿಡಿದುಕೊಂಡು ಹಿಂದಕ್ಕೆ ಹೋದರು. ಮಣ್ಣು ಮಾಡಿ ಬಂದ ಮೇಲೆ ಆಯಿ ಅಳಲಿಲ್ಲ. ನಡುಮನೆಗೆ ಬಂದು, ಗಿಟಾರು ಮತ್ತೆ ತೂಗುತ್ತಿದ್ದ ಗೂಟದ ಕಡೆ ಕೈ ಮಾಡಿ ಹೇಳಿದಳು.

"ಅದು ಈ ಮನಿಯಾಗ ಇರಬಾರ್ದು. ಕೊಡ್ರಿ, ಮಾರ್ರಿ, ಸುಡ್ರಿ. ನನ್ನ ಕಣ್ಣಿಗಿ ಬೀಳಬಾರ್ದು."

ಜ್ವರಕ್ಕೂ ಗಿಟಾರಿಗೂ ಸಂಬಂಧವಿಲ್ಲವೆಂದು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಅಥವಾ ಇದ್ದೂ ಹೇಳಲಿಲ್ಲ. ನಾನು ಎಂ.ಎ. ಓದಿ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಖಂಡೆ ಪೂಜೆಗೆ ಇಟ್ಟ ಪೆನ್ನನ್ನು ಮರುದಿನ ಬೆಳಗಿನ ತನಕ ನಾನು ಮುಟ್ಟುವುದಿಲ್ಲ. ನನ್ನ ದಿನಚರಿಯಲ್ಲಿ ಪ್ರತಿ ವರ್ಷ ಆ ಒಂದು ಪುಟ ಖಾಲಿ.

ಕೆಲವು ದಿನಗಳಲ್ಲೇ ಅವ್ವ ನನ್ನನ್ನು ಕರೆದುಕೊಂಡು ಕಮಲಾಪುರಕ್ಕೆ ಹೊರಟಳು. ಬಸ್ಸಿನಲ್ಲಿ ಕಾಲಿನ ಹತ್ತಿರ ಬಟ್ಟೆಯ ಗಂಟಿತ್ತು, ಚಾದರದಲ್ಲಿ ಸುತ್ತಿದ ಉದ್ದನೆಯ ಇನ್ನೊಂದು ಗಂಟೂ ಇತ್ತು. ಉದ್ದನೆಯದನ್ನು ಕಂಡಕ್ಟರು ಮೇಲೆ ಇಡಲು ಹೋದಾಗ ಅವ್ವ ಕೊಡಲಿಲ್ಲ, ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. ಇದು ನನಗೆ ನೆನಪಿದೆ ಎಂದು ಹಿಂದೊಮ್ಮೆ ದಿನಚರಿಯಲ್ಲಿ ಬರೆದಿದ್ದೆ, ಕೆಳಗೆ 'ಹಾಸಿಗೆ ಇರಬೇಕು' ಎಂದೂ ಬರೆದಿದ್ದೆ. ಅಪ್ಪ ಗಿಟಾರನ್ನು ಸೊಲ್ಲಾಪುರದವನೊಬ್ಬನಿಗೆ ಕೊಟ್ಟುಬಿಟ್ಟನೆಂದೇ ಮನೆಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ಕಮಲಾಪುರದ ಮನೆಯಲ್ಲಿ ಒಂದು ಕತ್ತಲೆ ಕೋಣೆಯಿತ್ತು, ಬಾಳೆಗೊನೆ ಮಾಗಿಸುವುದಕ್ಕೆ. ಒಳಗೆ ಹೊಗೆ ಮತ್ತು ಸಿಹಿ ಕೂಡಿದ ವಾಸನೆ. ಅವ್ವ ಹಗಲೆಲ್ಲ ಅಲ್ಲೇ ಇರುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ರೊಟ್ಟಿ ಮುರಿಯುತ್ತಿದ್ದಳು, ಬಾಯಿಗೆ ಇಡುವುದನ್ನು ಮರೆಯುತ್ತಿದ್ದಳು. ನನಗೆ ಅವಳು ಸತ್ತುಹೋಗುತ್ತಾಳೆಂಬ ಭಯ. ಬಾಗಿಲ ಸಂದಿಗೆ ಬಾಯಿಟ್ಟು "ಅವ್ವಾ, ಇದ್ದೀಯೇನು?" ಎಂದು ಕೇಳುತ್ತಿದ್ದೆ. ಒಳಗಿನಿಂದ ಸ್ವಲ್ಪ ಹೊತ್ತಿನ ಮೇಲೆ "ಇದ್ದೀನವ್ವ" ಎಂದು ಬರುತ್ತಿತ್ತು. ಬರಲು ತಡವಾದಾಗ ನಾನು ಬಾಗಿಲನ್ನು ಒದೆಯುತ್ತಿದ್ದೆ. ಇವತ್ತಿಗೂ ಯಾರಾದರೂ ನನ್ನ ಮಾತಿಗೆ ಉತ್ತರಿಸಲು ತಡ ಮಾಡಿದರೆ ನನ್ನ ಕಾಲು ತಾನೇ ಬಿಗಿಯುತ್ತದೆ. ಆ ಚಳಿಗಾಲದಲ್ಲಿ ಮಾಮಾ, ಅವ್ವನ ತಮ್ಮ, ಮನೆಯ ಬಾಗಿಲುಗಳಿಗೆ ನೀಲಿ ಬಣ್ಣ ಮಾಡಿಸಿದ. ಮುಂದೆ ಯಾವುದೋ ಒಂದು ದಿನ ಅವ್ವ ನನ್ನ ತಲೆ ಬಾಚುವಾಗ ಅವಳ ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಏನದು ಎಂದೆ. "ಬಾಗಿಲದ್ದು, ಹತ್ತ್ಯಾದ" ಎಂದಳು. ಇದೇ ನಾನು ಮೊದಲಿಗೆ ಹೇಳಿದ ನೆನಪು.

ಅಪ್ಪ ಕಮಲಾಪುರಕ್ಕೆ ಒಮ್ಮೆಯೂ ಬರಲಿಲ್ಲ. ಬಿಸಿಲು ಏರುವ ಕಾಲಕ್ಕೆ ದೊಡ್ಡಪ್ಪ ಬಂದು ನಮ್ಮನ್ನು ಕರೆದೊಯ್ದ. ಆಮೇಲೆ ಎಷ್ಟು ದಿನಕ್ಕೋ, ಅಪ್ಪ ಒಂದು ನೀಲಿ ಗಿಟಾರನ್ನು ಹೊತ್ತು ಮನೆಗೆ ಬಂದ. ಆಯಿಗೆ ಆಗಲೇ ಕಣ್ಣಿನ ಪೊರೆ. ಅವಳು ಅದನ್ನು ಹತ್ತಿರ ತರಿಸಿ ಮೂಗಿಗೆ ಹಿಡಿದು ನೋಡಿದಳು.

"ಹೊಸಾದು. ಬಣ್ಣದ ವಾಸನಿ ಇನ್ನಾ ಹೋಗಿಲ್ಲ."

ದೊಡ್ಡಪ್ಪನಿಗೆ ಮಾತ್ರ ಅನುಮಾನ ಬಂದಿತ್ತು.

"ಅದೇ ಇದ್ದಂಗ ಕಾಣ್ತದಲ್ಲೋ ತಮ್ಮಾ?"

"ನಿನ್ನ ಅಂಗಡಿ ತಕ್ಕಡಿನೂ ಬಾಜೂದವನ ತಕ್ಕಡಿನೂ ಒಂದೇ ಥರ ಇಲ್ಲೇನಣ್ಣಾ?"

"ತೂಕ ಬ್ಯಾರೆ ಇರ್ತಾವಪ್ಪ" ಎಂದು ನಕ್ಕು ದೊಡ್ಡಪ್ಪ ಅಂಗಡಿಗೆ ಹೋದ. ಮುಂದಿನ ನವಮಿಗೆ ಆಯಿ ತಾನೇ ಕೇಳಿ ನೀಲಿ ಗಿಟಾರನ್ನು ಪೂಜೆಗೆ ಇಡಿಸಿಕೊಂಡಳು, ವಿಭೂತಿ ಎಳೆದಳು. "ಇದು ಛಲೋ ನಡತಿದ್ದು, ಅದರಂಗಲ್ಲ" ಎಂದಳು. ಅವ್ವ ಪಕ್ಕದಲ್ಲಿ ಆರತಿ ಹಿಡಿದು ನಿಂತಿದ್ದಳು. ಅವಳ ಮುಖ ಹೇಗಿತ್ತೆಂದು ಎಷ್ಟು ತಿಣುಕಿದರೂ ನನಗೆ ಕಾಣುವುದಿಲ್ಲ, ಆರತಿಯ ಬೆಳಕು ಕಾಣುತ್ತದೆ.

ಅದಾದ ಮೇಲೆ ಅಪ್ಪ ಅವ್ವ ಒಬ್ಬರಿಗೊಬ್ಬರು ನೇರ ಮಾತಾಡಿದ್ದನ್ನು ನಾನು ಕೇಳಿಲ್ಲ. ಜಗಳವಿರಲಿಲ್ಲ. ಅಡುಗೆಮನೆಗೂ ನಡುಮನೆಗೂ ನಡುವೆ ನಾನಿದ್ದೆ.

"ನಿಮ್ಮಪ್ಪಗ ಊಟಕ್ಕ ಕರಿ."

"ನಿಮ್ಮವ್ವಗ ಹೇಳು, ಬರೋದು ತಡ ಆಗ್ತದಂತ."

ಎರಡೂ ಕೋಣೆಯ ಮಾತು ಹೊತ್ತು ಹೊತ್ತು ನಾನು ಬೆಳೆದೆ. ಹೊಸ್ತಿಲ ಮೇಲೆ ನಿಲ್ಲುವುದು ಅಭ್ಯಾಸವಾಯಿತು. ಅಲ್ಲಿಂದ ಎರಡೂ ಕಡೆ ಕೇಳಿಸುತ್ತದೆ, ಯಾವ ಕಡೆಯೂ ಕೂಡಲು ಆಗುವುದಿಲ್ಲ. ಮದುವೆಯಾಗಿ ಹೋದ ಮನೆಯಲ್ಲೂ ನಾನು ಹಾಗೆಯೇ ನಿಂತಿದ್ದೆ, ಆ ಮದುವೆ ಬಹಳ ಕಾಲ ಬಾಳಲಿಲ್ಲ. ಅವ್ವ ಅಪ್ಪನನ್ನು ಕ್ಷಮಿಸಿಲ್ಲ, ಅಪ್ಪ ಹೊಸ ಗಿಟಾರು ತಂದು ಹಳೆಯದನ್ನೂ ಮಗನನ್ನೂ ಮರೆತಿದ್ದಾನೆ. ಈ ಎರಡು ವಾಕ್ಯಗಳ ಮೇಲೆ ನಾನು ನನ್ನ ಇಡೀ ಬಾಲ್ಯವನ್ನು ಕಟ್ಟಿಕೊಂಡಿದ್ದೆ. ಅಪ್ಪನನ್ನು ಅವನ ಕೊನೆಯ ದಿನದವರೆಗೆ ಸ್ವಲ್ಪ ದೂರದಲ್ಲೇ ಇಟ್ಟೆ.

ಅಪ್ಪ ಹೋದ ಮೇಲೆ ಗಿಟಾರು ನನ್ನ ಮನೆಗೆ ಬಂತು. ಅಷ್ಟರಲ್ಲಿ ಅದು ಕಪ್ಪಾಗಿತ್ತು. ತಂಡದ ಎಲ್ಲ ವಾದ್ಯಗಳೂ ಒಂದೇ ಥರ ಕಾಣಲೆಂದು ಯಾವಾಗಲೋ ಕಪ್ಪು ಹೊಡೆಸಿದ್ದರಂತೆ. ಕಪ್ಪು ಚಕ್ಕೆ ಏಳುತ್ತಿತ್ತು, ತಂತಿ ತುಕ್ಕು ಹಿಡಿದಿತ್ತು. ಅದನ್ನು ಸರಿ ಮಾಡಿಸಿ, ಒಮ್ಮೆಯಾದರೂ ಅದರ ಪೂರ್ತಿ ದನಿ ಕೇಳಬೇಕೆಂದು ಈ ವರ್ಷ ಹೊರತೆಗೆದೆ. ಅವ್ವ ಮಂಚದ ಮೇಲಿಂದ ನೋಡಿದಳು, ಬೇಡ ಎನ್ನಲಿಲ್ಲ. ಜಗತ್ ಸರ್ಕಲಿನ ಹತ್ತಿರ ಬೈಕುಗಳಿಗೆ ಬಣ್ಣ ಹೊಡೆಯುವ ಸಲೀಮನಿಗೆ ಕೊಟ್ಟೆ. ಗಿಟಾರು ಅವನು ಮುಟ್ಟಿದ್ದು ಅದೇ ಮೊದಲು.

"ಮೇಡಂ, ಟ್ಯಾಂಕಿಗಿ ಹೊಡೆಯೋ ಮೆಟಾಲಿಕ್ ಹೊಡೀತೀನ್ರೀ. ಮಸ್ತ್ ಚಮಕ್ತದ."

"ಮೊದ್ಲ ಹಳೇ ಬಣ್ಣ ತೆಗಿ. ನಾ ಇಲ್ಲೇ ಕೂಡ್ತೀನಿ."

"ಕೂಡ್ರಿ, ಚಾ ಹೇಳ್ತೀನಿ. ಬೈಕ್ ಬಿಟ್ಟು ಯಾರೂ ಹಿಂಗ ಕಾಯಲ್ರೀ, ಆಸ್ಪತ್ರಿಯಾಗ ಕೂತಂಗ."

ಅವನು ಉಪ್ಪುಕಾಗದದಿಂದ ಉಜ್ಜತೊಡಗಿದ. ಕಪ್ಪಿನ ಕೆಳಗೆ ನೀಲಿ ಬಂತು, ಅದು ನನಗೆ ಗೊತ್ತಿದ್ದದ್ದೇ. ಆದರೆ ಈ ನೀಲಿ ಯಂತ್ರದಿಂದ ಹೊಡೆದದ್ದಲ್ಲ, ಬ್ರಶ್ಶಿನಿಂದ ಹಚ್ಚಿದ್ದು. ಅಲ್ಲಲ್ಲಿ ಸೋರಿ ಗಟ್ಟಿಯಾಗಿತ್ತು. ಬಣ್ಣದಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು. ನಾನು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಬ್ರಶ್ಶಿನದೇ. "ಅಂಗಡಿ ಮಾಲ್ ಅಲ್ರೀ ಇದು, ಯಾರೋ ಮನಿಯಾಗ ಹಚ್ಯಾರ, ಬಾಗಿಲಕ್ಕ ಹಚ್ಚಿದಂಗ" ಎಂದ ಸಲೀಂ ನಗುತ್ತ. ನೀಲಿಯ ಕೆಳಗೆ ಕೆಂಪು ಬಂತು. ನನ್ನ ಕಾಲು ಬಿಗಿಯಿತು. ಅವನು ತಂತಿಗಳ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ತಿರುಪು ಬಿಚ್ಚಿದ. ಅದರಡಿ ನೀಲಿ ಹೋಗಿರಲಿಲ್ಲ, ಬರೀ ಕೆಂಪು, ಮಾಗಿದ ಬಾಳೆಯ ಕೆಂಪು. ಅಂಚಿಗೆ, ನೀಲಿಯ ಕೆಳಗೆ, ಗಟ್ಟಿ ಕಟ್ಟಿದ ಕುಂಕುಮ.

"ಅಕ್ಕಿ ಕಾಳ ಅದಾವ್ರೀ ಒಳಗ. ಇಲಿ ಇತ್ತೇನೋ."

ಅವನು ಊದಿ ಹಾರಿಸುವ ಮೊದಲು ಅವನ ಕೈ ಹಿಡಿದೆ. ಅರಿಶಿನ ಇನ್ನೂ ಪೂರ್ತಿ ಹೋಗಿರಲಿಲ್ಲ. ಆಯಿ ಎರಚಿದ ಅಕ್ಷತೆ ಅದು. ಫರ್ಸಿಯ ಮೇಲೆ ಉದುರದೆ ಒಳಗೆ ಉಳಿದದ್ದು. ಯಾವ ವರ್ಷದ್ದೋ ಆಗಿರಬಹುದು, ಆ ನವಮಿಯದೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೆ ಒಂದು ಮಾತು ಖಚಿತ. ಕೊಟ್ಟುಬಿಟ್ಟ ಗಿಟಾರು, ಹೊಸ ಗಿಟಾರು ಎಂದು ಎರಡಿರಲಿಲ್ಲ. ಒಂದೇ ಇತ್ತು. ಕೆಂಪು ಸವೆದ ಒಂದು ಕಡೆ ಅದಕ್ಕೂ ಕೆಳಗೆ ಬೇರೆ ಯಾವುದೋ ಹಳದಿ ಇಣುಕುತ್ತಿತ್ತು, ಅಳುತ್ತ ಕೊಟ್ಟವನ ಕಾಲದ್ದು. ಅದು ನಮ್ಮ ಮನೆಯದಲ್ಲ. ಅಲ್ಲಿಗೆ ಉಜ್ಜುವುದನ್ನು ನಿಲ್ಲಿಸು ಎಂದೆ. "ಅರ್ಧಕ್ಕ ಬಿಟ್ರ ಹುಚ್ಚ ಕಾಣ್ತದ್ರೀ" ಎಂದ ಸಲೀಂ. ಕಾಣಲಿ ಎಂದೆ.

ಮರುದಿನವೇ ಕಮಲಾಪುರಕ್ಕೆ ಹೋದೆ. ಮಾಮಾ ಈಗ ಕೋಲು ಹಿಡಿದು ನಡೆಯುತ್ತಾನೆ. ನೀಲಿಯ ಒಂದು ಚಕ್ಕೆಯನ್ನು ಕಾಗದದಲ್ಲಿ ಸುತ್ತಿ ಒಯ್ದಿದ್ದೆ. ಬಾಗಿಲುಗಳಿಗೆ ಆಮೇಲೆ ಎಷ್ಟೋ ಬಣ್ಣ ಆಗಿವೆ, ಆದರೆ ಬಾಳೆಯ ಕೋಣೆಯನ್ನು ಯಾರೂ ಮುಟ್ಟಿಲ್ಲ. ಅದರ ಬಾಗಿಲು ಮೇಲಿನಿಂದ ಅರ್ಧದವರೆಗೆ ನೀಲಿ, ಕೆಳಗೆ ಬರೀ ಕಟ್ಟಿಗೆ. ಚಕ್ಕೆಯನ್ನು ಅದಕ್ಕೆ ಹಿಡಿದೆ. ಅದೇ ಬಣ್ಣ ಎಂದು ನನಗೆ ಅನ್ನಿಸಿತು, ಅನ್ನಿಸಲಿ ಎಂದೇ ನಾನು ಹೋಗಿದ್ದೆ.

"ಇದನ್ಯಾಕ ಅರ್ಧಕ್ಕ ಬಿಟ್ಟಾರ ಮಾಮಾ?"

"ಬಣ್ಣ ಸಾಲಲಿಲ್ಲವ್ವ. ಅಳತಿ ಹಾಕಿ ತಂದಿದ್ದೆ ನಾ. ಡಬ್ಬಿ ನೋಡಿದ್ರ ತಳಕ್ಕ ಹೋಗ್ಯಾದ. ಪೇಂಟರನೇ ಕದ್ದಾನಂತ ಓಣಿ ಕೂಡಂಗ ಬೈದೆ. ಅಂವ ದೇವರಾಣಿ ಮಾಡ್ದ, ನಾ ಕೇಳ್ಲಿಲ್ಲ. ಯಾಕ?"

ನಾನು ಗಿಟಾರಿನ ಮಾತು ಹೇಳಿದೆ. "ನಿಮ್ಮವ್ವಗ ಕೇಳು" ಎಂದ. "ಆ ದಿನದಾಗ ನಾವ್ಯಾರೂ ಅಕಿ ಕೋಣಿಗಿ ಹೋಗ್ತಿರಲಿಲ್ಲ. ಹೆದರಿಕಿ ಆಗ್ತಿತ್ತು."

ಬಸ್ಸಿನಲ್ಲಿ ಮರಳಿ ಬರುವಾಗ ಅವ್ವ ಮಡಿಲಲ್ಲಿ ಅಡ್ಡ ಇಟ್ಟುಕೊಂಡಿದ್ದ ಚಾದರದ ಗಂಟನ್ನು ನೆನೆಸಿಕೊಂಡೆ. ಮೊದಲಿಗೆ ಎದೆ ಹಗುರಾಯಿತು. ಅವ್ವ ಗಿಟಾರನ್ನು ಉಳಿಸಿದಳು, ಬಣ್ಣ ಬದಲಿಸಿ ಯಾರ ಕೈಯಿಂದಲೋ ಅಪ್ಪನಿಗೆ ಮರಳಿ ಮುಟ್ಟಿಸಿದಳು, ಅಂದರೆ ಕ್ಷಮಿಸಿದಳು, ಅಂದರೆ ಆ ಮನೆ ನಾನಂದುಕೊಂಡಷ್ಟು ಸತ್ತಿರಲಿಲ್ಲ. ಊರು ಹತ್ತಿರವಾಗುತ್ತಿದ್ದಂತೆ ಇನ್ನೊಂದು ಲೆಕ್ಕ ಎದ್ದಿತು. ಕ್ಷಮಿಸಿದವಳು ಆಮೇಲೆ ಒಂದು ಮಾತೂ ಆಡದೆ ಉಳಿದದ್ದೇಕೆ? ತನ್ನ ಊರಿನ ಹಣ್ಣಿನ ಆ ಕೆಂಪನ್ನು ನೋಡಲಾರದೆ, ಕೈಗೆ ಸಿಕ್ಕ ಬಣ್ಣದಿಂದ ಅದನ್ನು ಮುಚ್ಚಿದಳೇ? ಗಿಟಾರು ಉಳಿದದ್ದು ಕೇವಲ ಅದನ್ನು ಸುಡುವ ಶಕ್ತಿ ಅವಳಲ್ಲಿ ಇರದೆ ಹೋದದ್ದರಿಂದಲೇ? ಕುಂಕುಮವನ್ನೂ ಒರೆಸದೆ ಅದರ ಮೇಲೆಯೇ ಹಚ್ಚಿದ್ದಾಳೆ, ಅಷ್ಟು ಅವಸರ, ಅಥವಾ ಅಷ್ಟು ಕತ್ತಲೆ. ಅಪ್ಪನಿಗೆ ಯಾರು ಹಚ್ಚಿದರೆಂದು ಗೊತ್ತಿತ್ತೇ? ಗೊತ್ತಿದ್ದರೆ ಅದೇ ನೀಲಿಯ ಮೇಲೆ ತೋಳು ಊರಿ ಅಷ್ಟು ವರ್ಷ ಹೇಗೆ ಬಾರಿಸಿದ? ಕೇಳಲು ಅವನಿಲ್ಲ. ಅವನಿದ್ದಾಗ ನಾನು ಕೇಳುವಷ್ಟು ಹತ್ತಿರ ಇರಲಿಲ್ಲ.

ಸಲೀಂ ದಿನಾ ಫೋನು ಮಾಡುತ್ತಾನೆ. ಯಾವ ಬಣ್ಣ ಹೇಳ್ರೀ, ಜಾಗ ಹಿಡಿದು ಕೂತದ ಎನ್ನುತ್ತಾನೆ. ಕೆಂಪು ಹೊಡೆಸಿದರೆ ಅವ್ವ ಬಳಿದದ್ದನ್ನು ಅಳಿಸಿದಂತೆ. ನೀಲಿ ಹೊಡೆಸಿದರೆ ಮಲ್ಲುವಿನ ಸಂಜೆಯನ್ನು ಇನ್ನೊಮ್ಮೆ ಮುಚ್ಚಿದಂತೆ. ನಿನ್ನೆ ಬೆಳಿಗ್ಗೆ ಅವ್ವ ಮಂಚದ ಮೇಲೆ ಕೂತು ಪುಂಡಿಪಲ್ಲೆ ಬಿಡಿಸುತ್ತಿದ್ದಳು. ಅವಳ ಕೈ ಇನ್ನೂ ಚುರುಕು, ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ನಾನು ಅವಳೆದುರು ನೆಲಕ್ಕೆ ಕೂತೆ. ಮಾಮಾನ ಬಾಗಿಲಿನ ಮಾತು ಹೇಳಿದೆ, ಅಕ್ಷತೆಯನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವಳು ಒಂದು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಕಣ್ಣಿನ ಹತ್ತಿರ ತಂದಳು. ಮತ್ತೆ ನನ್ನ ಅಂಗೈಗೇ ಇಟ್ಟಳು. ಸೊಪ್ಪಿನ ಇನ್ನೊಂದು ಕಡ್ಡಿ ಎತ್ತಿಕೊಂಡಳು. ಕಮಲಾಪುರದ ಬಾಗಿಲಿನಾಚೆಗೆ ಕೇಳುತ್ತಿದ್ದ ಹುಡುಗಿಯ ಹಾಗೆಯೇ ನಾನು ಕಾಯುತ್ತ ಕೂತೆ, ಇವತ್ತೂ ಕಾಯುತ್ತಿದ್ದೇನೆ. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಆ ನೀಲಿ ಅಪ್ಪ ಮತ್ತ ಬಾರಿಸ್ಲಿ ಅಂತ ಹಚ್ಚಿದ್ದೇನು, ಆ ಕೆಂಪು ನಿನ್ನ ಕಣ್ಣಿಗಿ ಬೀಳಬಾರ್ದಂತ ಹಚ್ಚಿದ್ದೇನು?"